ಹಿರಿಯರ ದಿನ ಹೇಗೆ ಕಳೆಯುತ್ತದೆ, ಮೊದಲು ಅದು ಹೇಳಿ

ಮನೆಯಲ್ಲೇ ಹಿರಿಯರನ್ನು ನೋಡಿಕೊಳ್ಳುವ ಬಗ್ಗೆ ಈ ತಿಂಗಳು ಬಂದಷ್ಟು ಪತ್ರ ಹಿಂದೆ ಬಂದಿರಲಿಲ್ಲ. ಮನೆಯವರೂ ಬರೆದಿದ್ದಾರೆ, ಹೋಂ ನರ್ಸ್‌ಗಳೂ ಬರೆದಿದ್ದಾರೆ, ಅವರನ್ನು ಕಳಿಸುವವರೂ ಬರೆದಿದ್ದಾರೆ. ನಾನು ಎಷ್ಟೋ ವರ್ಷ ಮನೆ ಮನೆಗೆ ಹೋದವಳು, ಆಮೇಲೆ ಬೇರೆಯವರಿಗೆ ಡ್ಯೂಟಿ ಹಾಕಿದವಳು. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು. ಆಯ್ದ ಆರು ಪತ್ರಗಳು ಇಲ್ಲಿವೆ, ಪ್ರತಿಯೊಂದರ ಕೆಳಗೆ ನನ್ನ ಉತ್ತರ. ಹೆಸರು ಯಾರದ್ದೂ ಹಾಕಿಲ್ಲ.

ಅಮ್ಮನಿಗೆ 78. ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಮುಂದಿನ ವಾರ ಡಿಸ್ಚಾರ್ಜ್. ಏಜೆನ್ಸಿಯವರು 4 ಗಂಟೆ ಬೇಕಾ, 12 ಬೇಕಾ, 24 ಬೇಕಾ ಅಂತ ಕೇಳುತ್ತಿದ್ದಾರೆ. ನನಗೂ ತಮ್ಮನಿಗೂ ಕೆಲಸ ಇದೆ. ತಮ್ಮ 24 ಗಂಟೆ ಇಟ್ಟುಬಿಡೋಣ ಅಂತಾನೆ. ಏನು ಹೇಳಲಿ ಮೇಡಂ?

ಇವತ್ತೇ ಏನೂ ಹೇಳಬೇಡಿ. ಎಷ್ಟು ಗಂಟೆ ಅನ್ನುವುದು ಕೊನೆಯಲ್ಲಿ ಬರಬೇಕಾದ ಲೆಕ್ಕ. ಅದನ್ನು ಮೊದಲೇ ಕೇಳಿದರೆ ಯಾರಾದರೂ ಹೆದರಿ 24 ಅಂತಾರೆ, ಇಲ್ಲ ಖರ್ಚು ನೋಡಿ 4 ಅಂತಾರೆ. ಎರಡೂ ಅಂದಾಜೇ.

ಒಂದು ಹಾಳೆ ತೆಗೆದುಕೊಳ್ಳಿ. ಆರು ಸಾಲು ಬರೆಯಿರಿ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರ ತಡೆದುಕೊಳ್ಳುವುದು, ಊಟ ಮಾಡುವುದು. ಈ ಆರನ್ನು ನಾನು ಕಟ್ಟಿದ್ದಲ್ಲ, 1963ರಲ್ಲಿ ಕ್ಯಾಟ್ಜ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಮಾಡಿದ ಪಟ್ಟಿ, ಇವತ್ತಿಗೂ ಬಳಕೆಯಲ್ಲಿದೆ. ಪ್ರತಿ ಸಾಲಿನ ಮುಂದೆ ಅಮ್ಮ ತಾನೇ ಮಾಡುತ್ತಾರಾ, ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಸಾಕಾ, ಪೂರ್ತಿ ಮಾಡಿಸಬೇಕಾ ಅಂತ ಬರೆಯಿರಿ. ಆಸ್ಪತ್ರೆಯಲ್ಲಿರುವಾಗಲೇ ನೋಡಿ, ನರ್ಸ್‌ಗಳನ್ನು ಕೇಳಿ. ಅಮ್ಮನನ್ನೂ ಕೇಳಿ. ಇದು ಅವರ ದಿನ ಅಲ್ವಾ?

ಆಮೇಲೆ ಪ್ರತಿಯೊಂದಕ್ಕೂ ಹೊತ್ತು ಬರೆಯಿರಿ. ಕದಲಿಸಬಹುದಾದ್ದು ಯಾವುದು, ಕದಲಿಸಲು ಆಗದ್ದು ಯಾವುದು ಅಂತ ಗುರುತು ಹಾಕಿ. ಸ್ನಾನ ಬೆಳಿಗ್ಗೆಯ ಬದಲು ಮಧ್ಯಾಹ್ನ ಆದರೆ ಏನೂ ಆಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಶೌಚಕ್ಕೆ ಹೋಗುವುದನ್ನು ಹತ್ತು ನಿಮಿಷವೂ ಮುಂದೆ ಹಾಕಲು ಆಗುವುದಿಲ್ಲ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಹೋಂ ನರ್ಸ್ ಬೆಳಿಗ್ಗೆ 10ರಿಂದ 2ರವರೆಗೆ ಇರುತ್ತಾರೆ, ಅಮ್ಮಂದಿರಿಗೆ ನಿಜವಾಗಿ ಕೈ ಬೇಕಾಗಿದ್ದದ್ದು 6:30ಕ್ಕೆ ಮತ್ತು ರಾತ್ರಿ ಮಲಗುವ ಮುಂಚೆ. ಅದೇ ನಾಲ್ಕು ಗಂಟೆಯನ್ನು ಬೆಳಿಗ್ಗೆ ಎರಡು, ಸಂಜೆ ಎರಡು ಅಂತ ಒಡೆದರೆ ಉಪಯೋಗ ದುಪ್ಪಟ್ಟು ಆಗುತ್ತದೆ. ಏಜೆನ್ಸಿಯವರು ಒಡೆದು ಕೊಡಲು ಹಿಂದೆ ಮುಂದೆ ನೋಡುತ್ತಾರೆ, ಅವರಿಗೆ ಓಡಾಟ ಜಾಸ್ತಿ ಆಗುತ್ತದೆ. ಆದರೂ ಕೇಳಿ.

ರಾತ್ರಿಯದ್ದು ಬೇರೆಯೇ. ಸೊಂಟ ಮುರಿದುಕೊಂಡವರು ಮತ್ತೆ ಬೀಳುವ ಭಯ ಇರುವುದು ಕತ್ತಲಲ್ಲಿ, ನಿದ್ದೆಗಣ್ಣಲ್ಲಿ ಎದ್ದಾಗ. ಹಾಸಿಗೆ ಪಕ್ಕದಲ್ಲೇ ಕಮೋಡ್ ಕುರ್ಚಿ, ಕೈಗೆ ಸಿಗುವ ಹಾಗೆ ವಾಕರ್, ನೆಲ ಕಾಣುವಷ್ಟು ದೀಪ, ಒತ್ತಿದರೆ ನಿಮ್ಮ ಕೋಣೆಯಲ್ಲಿ ಕೇಳುವ ಒಂದು ಗಂಟೆ. ಡಿಸ್ಚಾರ್ಜ್‌ಗೆ ಮುಂಚೆ ಬಿ.ಪಿ.ಯನ್ನು ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ನೋಡಲು ಹೇಳಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಎದ್ದಾಗ ತಲೆ ತಿರುಗಿ ಬೀಳಿಸುವ ಇಳಿತ. ವೈದ್ಯರಿಗೆ ಹೇಳಲೇಬೇಕು.

ಡಿಸ್ಚಾರ್ಜ್ ದಿನ ಕೇಳಿ ಬರೆದಿಟ್ಟುಕೊಳ್ಳಬೇಕಾದ್ದೂ ಇದೆ. ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವ ರೀತಿ ಬಗ್ಗಬಾರದು, ಡ್ರೆಸಿಂಗ್ ಯಾವ ದಿನ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಔಷಧಿ ಇದ್ದರೆ ಯಾವ ತಾರೀಖಿನವರೆಗೆ, ನೋವಿನ ಮಾತ್ರೆ ಕೊಟ್ಟು ಎಷ್ಟು ಹೊತ್ತಿಗೆ ಫಿಸಿಯೋಥೆರಪಿ ಮಾಡಿಸಿದರೆ ಒಳ್ಳೆಯದು. ಕೊನೆಯದನ್ನು ಯಾರೂ ಕೇಳುವುದಿಲ್ಲ. ನೋವು ಇಳಿಯುವ ಮುಂಚೆ ಫಿಸಿಯೋ ಬಂದರೆ ಅಮ್ಮ ಬೇಡ ಅಂತಾರೆ, ಒಂದು ದಿನ ಹೋಯಿತು.

ತಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ. ಮೊದಲ ಕೆಲವು ದಿನ ರಾತ್ರಿಯೂ ಯಾರಾದರೂ ಬೇಕಾಗಬಹುದು. ಆದರೆ 24 ಗಂಟೆ ಅಂದರೆ ಒಬ್ಬರೇ ಅಲ್ಲ, ಎಚ್ಚರ ಇರುವವರು ಬೇಕೆಂದರೆ ಇಬ್ಬರು ಬೇಕು. ಒಬ್ಬರನ್ನೇ ಹಗಲೂ ರಾತ್ರಿ ಇಟ್ಟರೆ ಅವರು ನಿದ್ದೆ ಮಾಡುವ ಹೊತ್ತಲ್ಲೇ ಅಮ್ಮ ಒಬ್ಬರೇ ಎದ್ದು ಹೋಗುತ್ತಾರೆ. ಇನ್ನೊಂದು, ಇಡೀ ದಿನ ಪಕ್ಕದಲ್ಲಿ ಜನ ಇದ್ದರೆ "ನೀವು ಕೂತ್ಕೊಳ್ಳಿ ಅಮ್ಮ, ನಾನು ತರ್ತೀನಿ" ಶುರುವಾಗುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಕಾಲಿನ ಶಕ್ತಿ ಹೋಗುವುದು ಹೀಗೇ. ಬಂದವರಿಗೆ ಮೊದಲ ದಿನವೇ ಹೇಳಿ, ಅಮ್ಮ ಏಳುವಾಗ ಪಕ್ಕದಲ್ಲಿ ನಿಲ್ಲಿ, ಎತ್ತಬೇಡಿ ಅಂತ. ಹಾಳೆಯನ್ನು ಎರಡು ವಾರಕ್ಕೊಮ್ಮೆ ತೆಗೆದು ಮತ್ತೆ ತುಂಬಿಸಿ. ಎರಡು ಸಾಲು "ತಾನೇ ಮಾಡುತ್ತಾರೆ" ಆದ ದಿನ ಗಂಟೆ ಕಡಿಮೆ ಮಾಡಬಹುದು.

ಮಾವನವರಿಗೆ ದಿನಕ್ಕೆ 9 ಮಾತ್ರೆ, ಆರು ಹೊತ್ತಲ್ಲಿ. ನಾವು ಕೆಲಸಕ್ಕೆ ಹೋದ ಮೇಲೆ ಹೋಂ ನರ್ಸ್ ಬರುವುದು ಒಂದೇ ಸಲ. ಎಲ್ಲ ಒಟ್ಟಿಗೆ ಕೊಡಬಹುದಾ?

ನೀವಾಗಿ ಒಟ್ಟು ಮಾಡಬೇಡಿ. ಆದರೆ ಆರು ಹೊತ್ತು ಇರಲೇಬೇಕು ಅಂತಲೂ ಅಲ್ಲ. ಬೇರೆ ಬೇರೆ ವೈದ್ಯರು ಬೇರೆ ಬೇರೆ ವರ್ಷ ಬರೆದ ಚೀಟಿಗಳು ಸೇರಿ ಆರು ಹೊತ್ತು ಆಗಿರುತ್ತವೆ, ಯಾರೂ ಒಟ್ಟಿಗೆ ನೋಡಿರುವುದಿಲ್ಲ. ಐದಕ್ಕಿಂತ ಜಾಸ್ತಿ ಔಷಧಿ ತೆಗೆದುಕೊಳ್ಳುವ ಹಿರಿಯರ ಪಟ್ಟಿಯನ್ನು ಆಗಾಗ ಯಾರಾದರೂ ಕೂತು ಪರಿಶೀಲಿಸಲೇಬೇಕು. ಎಲ್ಲ ಮಾತ್ರೆ ಒಂದು ಚೀಲಕ್ಕೆ ಹಾಕಿಕೊಂಡು ಅವರ ವೈದ್ಯರ ಹತ್ತಿರ ಹೋಗಿ. ಮೂರು ಪ್ರಶ್ನೆ ಕೇಳಿ: ಯಾವುದು ಇನ್ನು ಬೇಡ, ಯಾವುದನ್ನು ಒಂದೇ ಹೊತ್ತಿಗೆ ತರಬಹುದು, ಯಾವುದನ್ನು ಕದಲಿಸಲೇಬಾರದು.

ಕದಲಿಸಬಾರದ್ದು ಕೆಲವು ಇವೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಅರ್ಧ ಗಂಟೆ ತಡವಾದರೂ ಕೆಲವರ ಮೈ ಬಿಗಿದು ನಿಲ್ಲುತ್ತದೆ, ನುಂಗಲೂ ಆಗುವುದಿಲ್ಲ. ಊಟಕ್ಕೆ ಮುಂಚಿನ ಇನ್ಸುಲಿನ್ ಊಟದ ಜೊತೆಗೇ ಓಡಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ತಡವಾಗಿ ಕೊಟ್ಟರೆ ರಾತ್ರಿಯೆಲ್ಲ ಎದ್ದು ಓಡಾಟ, ಅಲ್ಲೇ ಬೀಳುವುದು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೂಳೆ ಮಾತ್ರೆ ಇದ್ದರೆ, ಉದಾಹರಣೆಗೆ ಅಲೆಂಡ್ರೊನೇಟ್, ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಕೊಟ್ಟು ಅರ್ಧ ಗಂಟೆ ಮಲಗದ ಹಾಗೆ ನೋಡಿಕೊಳ್ಳಬೇಕು. ಅಂಥದ್ದನ್ನು ನಿಮಗೆ ರಜೆ ಇರುವ ದಿನದ ಬೆಳಿಗ್ಗೆಗೆ ಇಟ್ಟುಕೊಳ್ಳಬಹುದಾ ಅಂತ ಕೇಳಿ.

ನಾನು ಸಣ್ಣ ಹೋಂ ನರ್ಸಿಂಗ್ ತಂಡ ನೋಡಿಕೊಳ್ಳುತ್ತೇನೆ. 6 ನರ್ಸ್‌ಗಳು, 38 ಮನೆ. ದಿನಾ ರಾತ್ರಿ ಕೂತು ನಾಳೆಯ ಪಟ್ಟಿ ಕೈಯಲ್ಲೇ ಬರೆಯುತ್ತೇನೆ. ಹತ್ತಿರದ ಮನೆ ಮೊದಲು ಅನ್ನುವ ಹಾಗೆ ಹಾಕುತ್ತೇನೆ, ಆದರೂ ತಡ ಆಯ್ತು ಅಂತ ಫೋನ್ ಬರುತ್ತಲೇ ಇರುತ್ತದೆ. ಸಾಫ್ಟ್‌ವೇರ್ ತಗೊಂಡ್ರೆ ಸರಿ ಹೋಗುತ್ತಾ?

ನಿಮ್ಮ ಜಾಗದಲ್ಲಿ ಕೂತಿದ್ದೇನೆ, ಆ ರಾತ್ರಿಗಳು ನನಗೆ ಗೊತ್ತು. ಮೊದಲು ಒಂದು ಸಮಾಧಾನ. ಇದು ನಿಮ್ಮ ದಡ್ಡತನ ಅಲ್ಲ, ಲೆಕ್ಕವೇ ಹಾಗಿದೆ. ಒಬ್ಬ ನರ್ಸ್ 7 ಮನೆಗೆ ಹೋಗಬೇಕಾದರೆ 5,040 ಬೇರೆ ಬೇರೆ ಕ್ರಮದಲ್ಲಿ ಹೋಗಬಹುದು. 10 ಮನೆ ಆದರೆ 36,28,800. ಅದರ ಮೇಲೆ ಯಾವ ಮನೆ ಯಾವ ನರ್ಸ್‌ಗೆ ಅನ್ನುವುದು ಬೇರೆ.

ಈಗ "ಹತ್ತಿರದ ಮನೆ ಮೊದಲು" ಏನು ಮಾಡುತ್ತದೆ ನೋಡಿ. ಕಚೇರಿಯಿಂದ 5 ನಿಮಿಷದಲ್ಲಿ ಒಂದು ಮನೆ, ಅಲ್ಲಿ ಸ್ನಾನ ಮಾಡಿಸಬೇಕು, 45 ನಿಮಿಷದ ಕೆಲಸ. ಕಚೇರಿಯಿಂದ 20 ನಿಮಿಷದಲ್ಲಿ ಇನ್ನೊಂದು, ಮೊದಲ ಮನೆಯಿಂದಾದರೆ 15. ಅಲ್ಲಿ 7:30ಕ್ಕೆ ಇನ್ಸುಲಿನ್. ನರ್ಸ್ 7ಕ್ಕೆ ಹೊರಟು ಹತ್ತಿರದ ಮನೆ ಮುಗಿಸಿ ಏಳುವಾಗ 7:50. ಇನ್ಸುಲಿನ್ ಮನೆ ತಲುಪುವಾಗ 8:05. ಅಷ್ಟರಲ್ಲಿ ಆ ಅಜ್ಜ ಹಸಿವು ತಡೆಯದೆ ತಿಂದಿರುತ್ತಾರೆ, ಇಲ್ಲ ತಿನ್ನದೆ ಸಿಟ್ಟಾಗಿರುತ್ತಾರೆ. ತಿರುಗಿಸಿ ಹಾಕಿ. 7:20ಕ್ಕೆ ಅಲ್ಲಿ, ಹತ್ತು ನಿಮಿಷ ಕೂತು ಅಜ್ಜನ ಕಾಲು ನೋಡಿ ಸಕ್ಕರೆ ನೋಡಿ ಇನ್ಸುಲಿನ್ ಕೊಟ್ಟು 7:40ಕ್ಕೆ ಎದ್ದರೆ ಸ್ನಾನದ ಮನೆಗೆ 7:55. ರಸ್ತೆ 15 ನಿಮಿಷ ಜಾಸ್ತಿ ಆಯಿತು, ನಿಜ. ಯಾರಿಗೂ ತೊಂದರೆ ಆಗಲಿಲ್ಲ.

ಅಂದರೆ ಕದಲಿಸಬಾರದ್ದನ್ನು ಮೊದಲು ಗೂಟ ಹೊಡೆದ ಹಾಗೆ ಹಾಕಿ. ಎಲ್ಲಕ್ಕಿಂತ ಮೊದಲು ಇಬ್ಬರು ಬೇಕಾಗುವ ಮನೆ, ಭಾರದ ರೋಗಿಯನ್ನು ಎತ್ತಬೇಕಾದವು, ಯಾಕೆಂದರೆ ಅಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಇರಬೇಕು, ಒಬ್ಬರು ತಡವಾದರೆ ಇಬ್ಬರ ಇಡೀ ಬೆಳಿಗ್ಗೆ ಕೆಡುತ್ತದೆ. ಆಮೇಲೆ ಇನ್ಸುಲಿನ್, ಹೊತ್ತಿಗೆ ಸರಿಯಾಗಿ ಕೊಡಬೇಕಾದ ಔಷಧಿ. ಗೂಟಗಳು ನಿಂತ ಮೇಲೆ ಸ್ನಾನ, ಡ್ರೆಸಿಂಗ್, ಬಿ.ಪಿ. ನೋಡುವುದು, ನಡೆಸುವುದು ಇವನ್ನೆಲ್ಲ ಮಧ್ಯೆ ತುಂಬಿ. ಹೀಗೆ ಮಾಡಿದರೆ ಆ 5,040ರಲ್ಲಿ ಬಹುಪಾಲು ತಾವಾಗಿಯೇ ಬಿದ್ದುಹೋಗುತ್ತವೆ. ಕೊನೆಗೆ ಪೆನ್ಸಿಲ್ ಹಿಡಿದು ಇಬ್ಬರು ನರ್ಸ್‌ಗಳ ಒಂದೊಂದು ಮನೆ ಅದಲು ಬದಲು ಮಾಡಿ ನೋಡಿ, ಓಡಾಟ ಕಡಿಮೆ ಆಗಿ ಯಾವ ಗೂಟವೂ ಕದಲದಿದ್ದರೆ ಹಾಗೇ ಬಿಡಿ. ಎಷ್ಟೋ ಸಾಫ್ಟ್‌ವೇರ್‌ಗಳು ಒಳಗೆ ಮಾಡುವುದೂ ಇಂಥದ್ದೇ, ಬೇಗ ಬೇಗ ಮಾಡುತ್ತವೆ ಅಷ್ಟೇ.

ದಿನದ ಪಟ್ಟಿಗಿಂತ ವಾರದ ಪಟ್ಟಿಯಲ್ಲಿ ಉಳಿತಾಯ ಜಾಸ್ತಿ, ಇದನ್ನು ಯಾಕೋ ಯಾರೂ ನೋಡುವುದಿಲ್ಲ. ದಿನ ಬಿಟ್ಟು ದಿನ ಡ್ರೆಸಿಂಗ್ ಇರುವ ಮನೆಗಳು ಎಷ್ಟಿವೆ? ಒಂದು ಭಾಗದವರಿಗೆಲ್ಲ ಸೋಮ, ಬುಧ, ಶುಕ್ರ, ಇನ್ನೊಂದು ಭಾಗದವರಿಗೆ ಮಂಗಳ, ಗುರು, ಶನಿ ಅಂತ ಮಾಡಿಕೊಳ್ಳಲು ಆಗುತ್ತದಾ ನೋಡಿ. ವೈದ್ಯರು ದಿನ ಬಿಟ್ಟು ದಿನ ಅಂದಿರುತ್ತಾರೆ, ಸೋಮವಾರವೇ ಅಂದಿರುವುದಿಲ್ಲ. ಕ್ಯಾತಿಟರ್, ಅಂದರೆ ಮೂತ್ರದ ಕೊಳವೆ, ಬದಲಿಸುವ ತಾರೀಖು ವಾರಗಟ್ಟಲೆ ಮುಂಚೆ ಗೊತ್ತಿರುತ್ತದೆ, ಅದನ್ನು ಕಲಿತ ನರ್ಸ್ ಬಿಡುವಾಗಿರುವ ದಿನಕ್ಕೆ ಈಗಲೇ ಬರೆದಿಡಿ. ಇಲ್ಲದಿದ್ದರೆ ಅದು ಯಾವಾಗಲೂ ಗಡಿಬಿಡಿಯ ದಿನವೇ ಬರುತ್ತದೆ.

ಪ್ರತಿ ನರ್ಸ್‌ಗೆ ಮಧ್ಯಾಹ್ನದ ಹತ್ತಿರ 45 ನಿಮಿಷ ಖಾಲಿ ಬಿಡಿ. ಖಾಲಿ ಕಂಡರೆ ತುಂಬಿಸೋಣ ಅನಿಸುತ್ತದೆ, ದಯವಿಟ್ಟು ತುಂಬಬೇಡಿ. ಬೆಳಿಗ್ಗೆ ಯಾರೋ ಜಾರಿ ಬಿದ್ದಿರುತ್ತಾರೆ, ಯಾರದೋ ಕ್ಯಾತಿಟರ್ ಕಟ್ಟಿರುತ್ತದೆ, ಆ 20 ನಿಮಿಷ ಸಂಜೆಯವರೆಗೂ ಎಲ್ಲರ ಮನೆಗೂ ಹಬ್ಬುತ್ತದೆ. ಖಾಲಿ ಜಾಗ ಇದ್ದರೆ ಅಲ್ಲಿಗೇ ನಿಲ್ಲುತ್ತದೆ.

ಸಾಫ್ಟ್‌ವೇರ್ ತಗೊಳ್ಳಿ, ಬೇಡ ಅನ್ನುವುದಿಲ್ಲ. 38 ಮನೆ 60 ಆದ ದಿನ ಕೈಯಲ್ಲಿ ಆಗುವುದಿಲ್ಲ. ಆದರೆ ಅದು ನೀವು ಹೇಳಿದ್ದನ್ನೇ ಕಡಿಮೆ ಮಾಡುತ್ತದೆ. ಕಿಲೋಮೀಟರ್ ಕಡಿಮೆ ಮಾಡು ಅಂದರೆ ಕಿಲೋಮೀಟರ್ ಮಾತ್ರ. ದಿನಾ ಬೇರೆ ನರ್ಸ್ ಹೋದರೂ ಅದಕ್ಕೆ ಗೊತ್ತಾಗುವುದಿಲ್ಲ. ಕೊಳ್ಳುವ ಮುಂಚೆ ಕೇಳಿ: ಒಂದು ಮನೆಯನ್ನು ಒಬ್ಬ ನರ್ಸ್‌ಗೆ, ಒಂದು ಹೊತ್ತಿಗೆ ಬೀಗ ಹಾಕಿಡಬಹುದಾ, ಮಧ್ಯದಲ್ಲಿ ಒಂದು ಮನೆ ಸೇರಿಸಿದರೆ ಇಡೀ ಪಟ್ಟಿ ಉಲ್ಟಾ ಪಲ್ಟಾ ಆಗುತ್ತದಾ. ತಿಂಗಳ ಕೊನೆಗೆ ಪೆಟ್ರೋಲ್ ಖರ್ಚಿನ ಪಕ್ಕದಲ್ಲೇ ಇನ್ನೂ ಮೂರು ಬರೆಯಿರಿ. ಗೂಟದ ಕೆಲಸ ಎಷ್ಟು ಸಲ ತಡವಾಯಿತು, ಒಬ್ಬೊಬ್ಬ ಹಿರಿಯರು ಎಷ್ಟು ಹೊಸ ಮುಖ ನೋಡಿದರು, ಅತಿ ಜಾಸ್ತಿ ದುಡಿದ ನರ್ಸ್‌ಗೂ ಅತಿ ಕಡಿಮೆ ದುಡಿದವರಿಗೂ ಎಷ್ಟು ಗಂಟೆ ವ್ಯತ್ಯಾಸ.

ಅಪ್ಪನಿಗೆ ಮರೆವು ಶುರುವಾಗಿದೆ. ನಾನು ದೂರದಲ್ಲಿದ್ದೇನೆ. ಏಜೆನ್ಸಿಯಿಂದ ವಾರಕ್ಕೆ ಮೂರು ನಾಲ್ಕು ಬೇರೆ ಬೇರೆಯವರು ಬರುತ್ತಾರೆ. ಅಪ್ಪ ಸ್ನಾನಕ್ಕೆ ಒಪ್ಪುವುದಿಲ್ಲ, ಕೂಗಾಡುತ್ತಾರೆ. ಒಬ್ಬರೇ ಬರಲಿ ಅಂತ ಕೇಳುವುದು ಜಾಸ್ತಿ ಆಯ್ತಾ?

ಖಂಡಿತ ಜಾಸ್ತಿ ಆಗಲಿಲ್ಲ. ಗುರುತಿಲ್ಲದವರು ಬಂದು ಬಟ್ಟೆ ತೆಗೆಯಿರಿ ಅಂದರೆ ನಾವು ನೀವೂ ಕೂಗಾಡುತ್ತೇವೆ. ಅಪ್ಪನಿಗೆ ದಿನಾ ಹೊಸಬರೇ. ಅದು ಹಟ ಅಲ್ಲ, ಭಯ.

ಒಬ್ಬರೇ ಬರುವುದರಲ್ಲಿ ಇನ್ನೊಂದು ಲಾಭ ಇದೆ. ನಿನ್ನೆ ಇಲ್ಲದ ಕಾಲಿನ ಊತ, ಹಿಮ್ಮಡಿ ಮೇಲಿನ ಕೆಂಪು, ಎರಡು ದಿನದಿಂದ ಅರ್ಧ ತಟ್ಟೆ ಬಿಡುವುದು ಇವು ಕಣ್ಣಿಗೆ ಬೀಳುವುದು ನಿನ್ನೆಯೂ ನೋಡಿದವರಿಗೆ ಮಾತ್ರ. ಮರೆವಿರುವವರು ಇದ್ದಕ್ಕಿದ್ದಂತೆ ತೀರಾ ಗೊಂದಲಕ್ಕೆ ಬಿದ್ದರೆ ಒಳಗೆ ಸೋಂಕೋ, ನೀರು ಕಡಿಮೆಯೋ, ಹೊಸ ಔಷಧಿಯೋ ಕಾರಣ ಇರಬಹುದು. ಅದು ಇವತ್ತಿನದು ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು, ಅವರು ಅಪ್ಪ ಇರುವುದೇ ಹೀಗೆ ಅಂದುಕೊಳ್ಳುತ್ತಾರೆ.

ನೆದರ್ಲೆಂಡ್ಸ್‌ನಲ್ಲಿ ಬ್ಯೂರ್ಟ್‌ಜೋರ್ಗ್ ಅಂತ ಒಂದು ಸಂಸ್ಥೆ ಇದೆ, ನೆರೆಹೊರೆಯ ಆರೈಕೆ ಅಂತ ಅದರ ಅರ್ಥ. ಸ್ವತಃ ನರ್ಸ್ ಆಗಿದ್ದ ಯೋಸ್ ಡಿ ಬ್ಲಾಕ್ 2006ರಲ್ಲಿ ಶುರು ಮಾಡಿದ್ದು. ಅಲ್ಲಿ ಹೆಚ್ಚೆಂದರೆ 12 ಜನರ ತಂಡ, ಒಂದು ಸಣ್ಣ ಪ್ರದೇಶ ಪೂರ್ತಿ ಅವರದು, ಯಾರ ಮನೆಗೆ ಯಾರು ಯಾವಾಗ ಹೋಗಬೇಕು ಅಂತ ಅವರೇ ಕೂತು ಮಾತಾಡಿಕೊಳ್ಳುತ್ತಾರೆ. ಮೇಲಿಂದ ಯಾರೋ ನಿಮಿಷ ಲೆಕ್ಕ ಹಾಕಿ ಕಳಿಸುವುದಿಲ್ಲ. ಬೇರೆ ದೇಶಗಳವರೂ ಹೋಗಿ ನೋಡಿ ಬಂದರು. ದೊಡ್ಡ ವ್ಯವಸ್ಥೆಯಲ್ಲೂ ಪರಿಚಯದ ಮುಖವನ್ನು ಉಳಿಸಿಕೊಳ್ಳಬಹುದು ಅಂತ ನಾನು ನಂಬುವುದು ಅದಕ್ಕೇ.

ನೀವು ಕೇಳುವಾಗ "ಒಬ್ಬರೇ" ಅನ್ನಬೇಡಿ. ಅವರಿಗೂ ರಜೆ ಬೇಕು, ಜ್ವರ ಬರುತ್ತದೆ. ಮುಖ್ಯವಾಗಿ ಒಬ್ಬರು, ಜೊತೆಗೆ ಇನ್ನೊಬ್ಬರು, ಆ ಎರಡನೆಯವರು ಮೊದಲ ಎರಡು ಸಲ ಒಬ್ಬರೇ ಬರದೆ ಮೊದಲನೆಯವರ ಜೊತೆಗೇ ಬರಲಿ ಅಂತ ಕೇಳಿ. ಅದಕ್ಕೆ ಬದಲಾಗಿ ಹೊತ್ತಿನ ವಿಷಯದಲ್ಲಿ ನೀವು ಬಿಟ್ಟುಕೊಡಿ. ಸ್ನಾನ 8ಕ್ಕೇ ಆಗಬೇಕಿಲ್ಲ, 11ಕ್ಕೆ ಆದರೂ ಸರಿ, ಮುಖ ಮಾತ್ರ ಇದೇ ಇರಲಿ ಅಂದರೆ ಡ್ಯೂಟಿ ಹಾಕುವವರಿಗೆ ದಾರಿ ಸಿಗುತ್ತದೆ. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿಸಿ. ಮೊದಲ ಪುಟದಲ್ಲಿ ಅಪ್ಪನನ್ನು ಹೇಗೆ ಕರೆಯಬೇಕು, ಮೊದಲು ಕಾಲಿಗೆ ನೀರು ಹಾಕಿದರೆ ಒಪ್ಪುತ್ತಾರಾ, ಯಾವ ಮಾತಿಗೆ ರೇಗುತ್ತಾರೆ ಅಂತ ನೀವೇ ಬರೆಯಿರಿ. ನಿಮಗಿಂತ ಚೆನ್ನಾಗಿ ಯಾರು ಬರೆಯುತ್ತಾರೆ?

ನಾನೇ ಹೋಂ ನರ್ಸ್. ಒಂದು ಮನೆಗೆ 20 ನಿಮಿಷ ಅಂತ ಬರೆದಿರುತ್ತಾರೆ. ಹಾಸಿಗೆ ಹಿಡಿದವರ ಮೈ ಒರೆಸಿ ಬಟ್ಟೆ ಬದಲಿಸುವುದಕ್ಕೇ 35 ಬೇಕು. ತಡವಾದರೆ ಬೈಗುಳ ನನಗೆ.

ಬೇಜಾರಾಯಿತು ಓದಿ. ಎರಡು ವಾರ ಒಂದು ಕೆಲಸ ಮಾಡಿ. ಬಾಗಿಲು ತೆಗೆದ ಹೊತ್ತು, ಹೊರಟ ಹೊತ್ತು, ಏನೇನು ಮಾಡಿದಿರಿ, ಮುಂದಿನ ಮನೆ ತಲುಪಿದ ಹೊತ್ತು ಇಷ್ಟನ್ನು ಬರೆದಿಟ್ಟುಕೊಳ್ಳಿ. ಜೊತೆಯವರೂ ಬರೆಯಲಿ. ಒಬ್ಬರ ಪುಸ್ತಕ ದೂರು ಅನಿಸುತ್ತದೆ, ಐದು ಜನರ ಪುಸ್ತಕ ಅನಿಸುವುದಿಲ್ಲ. ಮೇಲ್ವಿಚಾರಕರ ಮುಂದೆ ಇಟ್ಟು, ಈ ಮನೆಗೆ 35 ಹಾಕಿ ಅಂತ ಕೇಳಿ. ಮನೆಯಿಂದ ಮನೆಗೆ ಹೋಗುವ ಸಮಯವೂ ಕೆಲಸದ ಸಮಯವೇ, ಅದೂ ಪಟ್ಟಿಯಲ್ಲಿ ಇರಬೇಕು.

ಡ್ಯೂಟಿ ಹಾಕುವವರಿಗೂ ಇಲ್ಲೇ ಒಂದು ಮಾತು. ಸುಳ್ಳು ನಿಮಿಷ ಹಾಕಿ ಎಷ್ಟು ಒಳ್ಳೆಯ ಪಟ್ಟಿ ಮಾಡಿದರೂ ಬೆಳಿಗ್ಗೆ 9ಕ್ಕೆ ಅದು ಮುರಿಯುತ್ತದೆ. ಹಾಸಿಗೆ ಹಿಡಿದವರ ಬೆನ್ನು ತಿರುಗಿಸಿ ಚರ್ಮ ನೋಡುವ ಆ ಐದು ನಿಮಿಷ ಬಿಟ್ಟುಹೋದರೆ ಬೆಡ್‌ಸೋರ್, ಅಂದರೆ ಮಲಗಿದ್ದಲ್ಲೇ ಮಲಗಿ ಆಗುವ ಹುಣ್ಣು, ಶುರುವಾಗಿರುವುದು ಯಾರಿಗೂ ಕಾಣುವುದಿಲ್ಲ. ಆಮೇಲೆ ಅದಕ್ಕೆ ತಿಂಗಳುಗಟ್ಟಲೆ ಡ್ರೆಸಿಂಗ್.

ನನಗೆ 71. ಯಜಮಾನರಿಗೆ ಪಾರ್ಶ್ವವಾಯು ಆಗಿ ಮೂರು ವರ್ಷ. ಎಲ್ಲ ನಾನೇ ಮಾಡುತ್ತೇನೆ, ರಾತ್ರಿ ಎರಡು ಸಲ ಏಳುತ್ತೇನೆ. ಮಗಳು ಯಾರನ್ನಾದರೂ ಇಡೋಣ ಅಂತಾಳೆ. ನನ್ನ ಕೈಯಲ್ಲಿ ಆಗುವಾಗ ಯಾಕೆ ಅನಿಸುತ್ತದೆ. ಆದರೆ ಈಚೆಗೆ ಸೊಂಟ ನೋವು.

ಅಮ್ಮ, ಮಗಳ ಮಾತು ಕೇಳಿ. ಮೂರು ವರ್ಷ ಹೀಗೆ ನೋಡಿಕೊಂಡಿದ್ದೀರಿ, ಅದು ಸಣ್ಣ ಕೆಲಸ ಅಲ್ಲ. ಆದರೆ ಆರೈಕೆ ಯೋಜನೆ ಮಾಡುವಾಗ ನಾವು ಇಬ್ಬರನ್ನೂ ನೋಡಬೇಕು, ಹಾಸಿಗೆಯಲ್ಲಿರುವವರನ್ನೂ, ಪಕ್ಕದಲ್ಲಿ ನಿಂತವರನ್ನೂ. ನೋಡಿಕೊಳ್ಳುವವರ ಮೇಲಿನ ಭಾರ ಅಳೆಯಲು 22 ಪ್ರಶ್ನೆಗಳ ಒಂದು ಪಟ್ಟಿಯೇ ಇದೆ, ಜಾರಿಟ್ ಪಟ್ಟಿ ಅಂತಾರೆ. ನಿಮ್ಮ ವೈದ್ಯರನ್ನು ಕೇಳಿದರೆ ತೋರಿಸುತ್ತಾರೆ.

ಎಲ್ಲವನ್ನೂ ಬೇರೆಯವರಿಗೆ ಬಿಟ್ಟುಕೊಡಿ ಅನ್ನುತ್ತಿಲ್ಲ. ಊಟ ಮಾಡಿಸುವುದು, ಔಷಧಿ ಕೊಡುವುದು, ಪಕ್ಕದಲ್ಲಿ ಕೂತು ಮಾತಾಡುವುದು ನಿಮ್ಮದೇ ಇರಲಿ, ಯಜಮಾನರಿಗೂ ಅದೇ ಇಷ್ಟ ಇರುತ್ತದೆ. ಎತ್ತುವುದು, ಸ್ನಾನ ಮಾಡಿಸುವುದು ಬಿಟ್ಟುಕೊಡಿ. ಬಂದವರು ಎತ್ತುವುದನ್ನು ಕಲಿತವರೇ ಆಗಿರಲಿ, ಅವರು ರೋಗಿಯ ಸೊಂಟಕ್ಕೆ ಕಟ್ಟಿ ಹಿಡಿಯುವ ಪಟ್ಟಿ, ಮೈ ಕೆಳಗೆ ಹಾಕಿ ಜಾರಿಸುವ ಹಾಳೆ ಬಳಸುತ್ತಾರೆ, ತೋಳು ಹಿಡಿದು ಎಳೆಯುವುದಿಲ್ಲ. ಪಾರ್ಶ್ವವಾಯು ಆದ ಕಡೆಯ ತೋಳನ್ನು ಎಳೆದರೆ ಭುಜಕ್ಕೆ ಪೆಟ್ಟಾಗುತ್ತದೆ. ರಾತ್ರಿ ಏಳುವುದು ಮೂತ್ರಕ್ಕಾದರೆ ಹಾಸಿಗೆಯಲ್ಲೇ ಕೊಡುವ ಬಾಟಲಿಯೋ ರಾತ್ರಿಯ ಡೈಪರೋ ಯಾವುದು ಸರಿ ಅಂತ ನರ್ಸ್ ಹತ್ತಿರ ಮಾತಾಡಿ. ಮಗಳಿಗೆ ವಾರದಲ್ಲಿ ಎರಡು ರಾತ್ರಿ ಅವಳದ್ದು ಅಂತ ಹೇಳಿ, ಕ್ಯಾಲೆಂಡರ್‌ನಲ್ಲಿ ಬರೆದುಬಿಡಿ, "ಆದಾಗ ಬರ್ತೀನಿ" ಅನ್ನುವುದು ಬೇಡ.

ಸೊಂಟ ನೋವಿಗೆ ಈ ವಾರವೇ ಹೋಗಿ ತೋರಿಸಿಕೊಳ್ಳಿ. ಆ ಹೊತ್ತಿಗೆ ಯಜಮಾನರ ಹತ್ತಿರ ಯಾರಿರುತ್ತಾರೆ ಅನ್ನುವುದನ್ನು ಇವತ್ತು ಸಂಜೆಯೇ ಮಗಳ ಜೊತೆ ಮಾತಾಡಿ ಗೊತ್ತು ಮಾಡಿಕೊಳ್ಳಿ.